ಪೋಲೋ ಜಿಟಿಗೆ ಲೈಟ್ ಬರೋ ಡೋರ್ ಸಿಲ್ ಪ್ಲೇಟ್: ವೈರಿಂದು ಹಾಕ್ಸ್ಲಾ, ವೈರ್‌ಲೆಸ್ ತಗೊಳ್ಲಾ?

ರಾಜಾಜಿನಗರ_ಟಿಎಸ್‌ಐ:

ಎಲ್ರಿಗೂ ನಮಸ್ಕಾರ. ನಂದು 2017ರ ಪೋಲೋ ಜಿಟಿ ಟಿಎಸ್‌ಐ, ಅದೇ 1.2 ಲೀಟರ್ 105 ಪಿಎಸ್ ಡಿಎಸ್‌ಜಿ (ಆಟೋಮ್ಯಾಟಿಕ್ ಗೇರ್) ಗಾಡಿ, ಸೆಕೆಂಡ್ ಹ್ಯಾಂಡ್ ತಗೊಂಡು ಎಂಟು ತಿಂಗ್ಳಾಯ್ತು. ಇಂಜಿನ್ನಿಗೆ ಕೈ ಹಾಕಲ್ಲ ಅಂತ ಮನೇಲಿ ಮಾತು ಕೊಟ್ಟೇ ತಗೊಂಡಿದ್ದು, ಹಾಗಾಗಿ ರೀಮ್ಯಾಪ್ (ಸಾಫ್ಟ್‌ವೇರ್ ಬದಲಿಸಿ ಇಂಜಿನ್ ಪವರ್ ಏರಿಸೋದು) ಅನ್ನೋ ಪದಾನೇ ಎತ್ತಂಗಿಲ್ಲ. ಉಳಿದಿರೋದು ಬಾಗಿಲಿನ ಹೊಸ್ತಿಲಿಗೆ (ಅದೇ ಸಿಲ್) ಅಂಟಿಸೋ ಲೈಟಿನ ಪಟ್ಟಿ, ಇಂಥ ಸಣ್ಣಪುಟ್ಟ ಶೋಕಿ ಮಾತ್ರ.

ಹೋದ ವಾರ ಆಫೀಸಲ್ಲಿ ಒಬ್ರ ಐ20 ಎನ್ ಲೈನಲ್ಲಿ ಹೋದೆ, ಕತ್ತಲೆ ಬೇಸ್‌ಮೆಂಟಲ್ಲಿ ಬಾಗಿಲು ತೆಗೆದ ತಕ್ಷಣ ಕಾಲಡಿ ಕೆಂಪಗೆ ಒಂದು ಗೆರೆ ಹತ್ಕೊಳ್ತು, ಅಷ್ಟೇ, ತಲೇಲಿ ಕೂತ್ಬಿಡ್ತು. ಶನಿವಾರ ಜೆ ಸಿ ರೋಡಿಗೆ ಹೋಗಿ ವಿಚಾರಿಸಿದೆ. ನಾಲ್ಕು ಬಾಗಿಲಿಗೂ ಸೇರಿ ಫಿಟ್ಟಿಂಗ್ ಸಮೇತ 4,200 ಅಂದ್ರು, ಒಂದು ಗಂಟೆ ಕೆಲಸವಂತೆ. ಕರೆಂಟ್ ಎಲ್ಲಿಂದ ತಗೋತೀರ ಅಂತ ಕೇಳಿದ್ದಕ್ಕೆ "ಅದೆಲ್ಲಾ ನಾವು ನೋಡ್ಕೋತೀವಿ ಸಾರ್, ನೀವು ಟೀ ಕುಡ್ಕೊಂಡು ಬನ್ನಿ" ಅಂದ್ರು. ಆ ಮಾತಿಗೇ ಭಯ ಆಗಿ ವಾಪಸ್ ಬಂದೆ. ಆನ್‌ಲೈನಲ್ಲಿ ವೈರ್‌ಲೆಸ್ಸು, ಸೆಲ್ ಹಾಕೋದು, 1,600ಕ್ಕೆ ಎರಡು ಸಿಗ್ತಿದೆ. ಇನ್ನೊಂದು ತಲೆನೋವು ಅಂದ್ರೆ ಪೋಲೋ ಸೈಜಿಗೆ ಸಿಗೋದ್ರಲ್ಲಿ ಅರ್ಧಕ್ಕರ್ಧ ಜಿಟಿಐ ಅಂತ ಬರೆದಿರೋವೇ.

ಯಾರಾದ್ರೂ ಹಾಕ್ಸಿದ್ರೆ ಹೇಳಿ ಪ್ಲೀಸ್. ಬ್ಯಾಟರಿ ಇಳಿಯುತ್ತಾ, ನೀರು ಹೋದ್ರೆ ಶಾರ್ಟ್ ಆಗುತ್ತಾ, ಮಳೆಗಾಲದ ಗತಿ ಏನು. ನನ್ನ ಹೆಂಡತಿ ಅಭಿಪ್ರಾಯ ಆಗಲೇ ಬಂದಿದೆ: "ಇನ್ನು ಕಾರಿನ ಹೊಸ್ತಿಲಿಗೂ ಸೀರಿಯಲ್ ಸೆಟ್ ಬಿಡಿಸ್ತೀರಾ?"

ಡಿಎಸ್‌ಜಿ ದಾಸಪ್ಪ:

ಗುರು ಏನ್ ಬೇಕಾದ್ರೂ ಹಾಕ್ಸು, ಆ ಜಿಟಿಐ ಅಕ್ಷರ ಮಾತ್ರ ಬೇಡ. ನಿಜವಾದ ಪೋಲೋ ಜಿಟಿಐ ನಮ್ ದೇಶಕ್ಕೆ ಬಂದಿದ್ದು 2016ರಲ್ಲಿ, ಬರೀ 99 ಗಾಡಿ, ಮೂರು ಬಾಗಿಲಿಂದು, 1.8 ಲೀಟರ್ 192 ಪಿಎಸ್, ಬೆಲೆ ಆಗಲೇ 26 ಲಕ್ಷದ ಹತ್ರ. ಐದು ಬಾಗಿಲಿನ ಗಾಡಿ ಹೊಸ್ತಿಲಲ್ಲಿ ಜಿಟಿಐ ಅಂತ ಹತ್ತಿದ್ರೆ ಗೊತ್ತಿರೋರು ಬಾಗಿಲು ಎಣಿಸಿ ನಗ್ತಾರೆ. ಪ್ಲೇನ್ ಗೆರೆ ಇರೋದು ತಗೋ. ನಿನ್ನ ಜಿಟಿಗೆ ಅದರದ್ದೇ ಮರ್ಯಾದೆ ಇದೆ.

ಟೈರ್ ಮೊದಲು:

4,200 ಇದ್ರೆ ಒಂದು ಒಳ್ಳೆ ಟೈರಿಗೆ ಅರ್ಧಕ್ಕಿಂತ ಜಾಸ್ತಿ ಆಯ್ತು. ಅಷ್ಟೇ ಹೇಳೋದು.

ಮಲ್ಟಿಮೀಟರ್ ಮಂಜ:

ಟೈರ್ ಸಾಹೇಬ್ರು ಪ್ರತಿ ಥ್ರೆಡ್ಡಲ್ಲೂ ಇದನ್ನೇ ಹೇಳ್ತಾರೆ, ತಪ್ಪಿಲ್ಲ, ಆದ್ರೆ ಕೇಳಿದ್ದು ಅದಲ್ಲ.

ನೋಡಿ, ಪ್ಲೇಟ್ ಅನ್ನೋದು ಒಂದು ವಿಷ್ಯಾನೇ ಅಲ್ಲ. ಒಳಗೆ ಇರೋದು ಒಂದು ಅಕ್ರಿಲಿಕ್ ಪಟ್ಟಿ, ಅದರ ಅಂಚಿಗೆ ನಾಲ್ಕಾರು ಎಲ್‌ಇಡಿ, ಮೇಲೆ ಅಕ್ಷರ ಕೊರೆದಿರೋ ಸ್ಟೀಲ್ ತಗಡು. ಬೆಳಕು ಅಕ್ರಿಲಿಕ್ ಒಳಗೇ ಓಡಾಡಿ ಕೊರೆದ ಜಾಗದಲ್ಲಿ ಆಚೆ ಬರುತ್ತೆ. ಒಂದೊಂದು ಪ್ಲೇಟು ತಿನ್ನೋದು 1 ವ್ಯಾಟ್ ಚಿಲ್ಲರೆ, ಅಂದ್ರೆ 12 ವೋಲ್ಟಲ್ಲಿ 0.1 ಆಂಪ್ ಆಸುಪಾಸು. ಕೆಟ್ರೆ ಕಿತ್ತು ಬಿಸಾಕಿ ಇನ್ನೊಂದು ಅಂಟಿಸಬಹುದು. ನೀವು ಅಂಗಡೀಲಿ ಕೇಳಿದ ಪ್ರಶ್ನೆ ಇದ್ಯಲ್ಲ, ಕರೆಂಟ್ ಎಲ್ಲಿಂದ ಅಂತ, ಅದೇ ಸರಿಯಾದ ಪ್ರಶ್ನೆ. ಅದರ ಜೊತೆ ಇನ್ನೊಂದು ಕೇಳಬೇಕಿತ್ತು: ಬಾಗಿಲು ತೆಗೆದಿದೆ ಅಂತ ಪ್ಲೇಟಿಗೆ ಯಾರು ಹೇಳ್ತಾರೆ?

ಮಾರುತಿ 800 ಕಾಲದಲ್ಲಿ ಡೋರ್ ಪಿಲ್ಲರಲ್ಲಿ ರಬ್ಬರ್ ಟೋಪಿ ಹಾಕಿದ ಪುಟ್ಟ ಸ್ವಿಚ್ ಇರ್ತಿತ್ತು, ಬಾಗಿಲು ತೆಗೆದ್ರೆ ಅದು ಆಚೆ ಬಂದು ಅರ್ಥ್ ಕೊಡ್ತಿತ್ತು, ರೂಫ್ ಲೈಟ್ ಹತ್ತುತ್ತಿತ್ತು. ಆ ವೈರಿಗೆ ಪ್ಲೇಟಿನ ಮೈನಸ್ ಕಟ್ಟಿ, ಪ್ಲಸ್ ಅನ್ನ ಯಾವಾಗ್ಲೂ 12 ವೋಲ್ಟ್ ಇರೋ ವೈರಿಗೆ ಕಟ್ಟಿದ್ರೆ ಮುಗೀತು. ಅಂಗಡಿ ಹುಡುಗ್ರು ಒಂದು ಗಂಟೆ ಕೆಲಸ ಅನ್ನೋದು ಆ ಲೆಕ್ಕದಲ್ಲೇ. ನಿಮ್ ಪೋಲೋದಲ್ಲಿ ಆ ಸ್ವಿಚ್ಚು ಪಿಲ್ಲರಲ್ಲಿ ಹುಡುಕಿದ್ರೂ ಸಿಗಲ್ಲ, ಅದು ಬಾಗಿಲೊಳಗೆ ಲಾಕಿನ ಹೊಟ್ಟೇಲೇ ಇದೆ. ಬಾಗಿಲು ತೆಗೆದ ಸುದ್ದಿ ಬಾಡಿ ಕಂಟ್ರೋಲ್ ಮಾಡ್ಯೂಲಿಗೆ ಹೋಗಿ, ಅದು ಯೋಚನೆ ಮಾಡಿ ರೂಫ್ ಲೈಟ್ ಹತ್ತಿಸುತ್ತೆ. ಹಾಗಾಗಿ ಹುಡುಗ್ರು ಪಿಲ್ಲರಲ್ಲಿ ಹುಡುಕಿ ಸುಸ್ತಾಗಿ ಕೊನೆಗೆ ರೂಫ್ ಲೈಟಿನ ವೈರ್ ಕೊಯ್ದು ಅದಕ್ಕೆ ಜೋಡಿಸ್ತಾರೆ. ಕೆಲಸ ಮಾಡುತ್ತೆ, ಸುಳ್ಳಲ್ಲ, ಲೈಟು ಮೆಲ್ಲಗೆ ಆರೋದೂ ಚೆನ್ನಾಗೇ ಕಾಣುತ್ತೆ. ಆದ್ರೆ ಯಾವ ಬಾಗಿಲು ತೆಗೆದ್ರೂ ನಾಲ್ಕೂ ಹತ್ಕೊಳುತ್ತೆ. ಜೊತೆಗೆ ಬರೀ ಒಂದು ಬಲ್ಬಿಗೆ ಅಂತ ಕೊಟ್ಟಿರೋ ಲೈನಿಗೆ ಇನ್ನೂ ನಾಲ್ಕು ಜನ ನೆಂಟರು ಬಂದು ಕೂತಂಗೆ. ಕೆಲವ್ರು ಮಧ್ಯ ರಿಲೇ (ಕರೆಂಟ್ ಕೊಟ್ರೆ ತಾನೇ ಆನ್ ಆಗೋ ಸ್ವಿಚ್) ಹಾಕಿ ಜಾಣತನ ಮಾಡಿದೀವಿ ಅಂತಾರೆ, ರೂಫ್ ಲೈಟ್ ಮೆಲ್ಲಗೆ ಆರೋದು ಕರೆಂಟನ್ನ ಸೆಕೆಂಡಿಗೆ ನೂರಾರು ಸಲ ಆನ್ ಆಫ್ ಮಾಡಿ, ಆಗ ರಿಲೇ ಕಟಕಟ ಅಂತ ಹಲ್ಲು ಕಡಿಯುತ್ತೆ.

ನಾನು ಮಾಡೋ ರೀತಿ ಹೇಳ್ತೀನಿ. ಗಾಡಿಯ ಒಂದು ವೈರನ್ನೂ ಕೊಯ್ಯಲ್ಲ. ಡ್ಯಾಶ್‌ಬೋರ್ಡ್ ಫ್ಯೂಸ್ ಬಾಕ್ಸಲ್ಲಿ ಯಾವಾಗ್ಲೂ ಕರೆಂಟ್ ಇರೋ ಒಂದು ಜಾಗಕ್ಕೆ ಫ್ಯೂಸ್ ಟ್ಯಾಪ್ (ಇರೋ ಫ್ಯೂಸಿನ ಜಾಗದಿಂದಲೇ ಇನ್ನೊಂದು ಲೈನ್ ತೆಗೆಯೋ ಅಡಾಪ್ಟರ್) ಹಾಕಿ ಅದರಲ್ಲಿ 2 ಆಂಪ್ ಫ್ಯೂಸ್ ಇಡಿ. (ಫ್ಯೂಸ್ ಇರೋದು ಎಲ್‌ಇಡಿ ಕಾಪಾಡೋಕೆ ಅಲ್ಲ, ಕಾರ್ಪೆಟ್ ಕೆಳಗೆ ಹೋಗೋ ವೈರ್ ಬಿಸಿಯಾಗಿ ಹೊಗೆ ಬರದೇ ಇರೋಕೆ. ಐದೋ ಹತ್ತೋ ಆಂಪ್ ಹಾಕಿದ್ರೆ ತೆಳು ವೈರಿಗೆ ಅದು ಹಾಕಿಲ್ಲದ ಹಾಗೇ.) ಮೈನಸ್ಸು ಬಾಡಿಯ ಬೋಲ್ಟಿಗೆ. ಬಾಗಿಲಿನ ಸುದ್ದಿಗೆ ಒಂದು ರೀಡ್ ಸ್ವಿಚ್, ಎಸ್ ಪಿ ರೋಡಲ್ಲಿ ಚಿಲ್ಲರೆ ದುಡ್ಡಿಗೆ ಸಿಗುತ್ತೆ, ಆಯಸ್ಕಾಂತ ಹತ್ರ ಬಂದ್ರೆ ಆಫ್ ಆಗೋ ಜಾತಿದೇ ಕೇಳಿ ತಗೊಳಿ. ಸ್ವಿಚ್ ಸಿಲ್ಲಿಗೆ, ಆಯಸ್ಕಾಂತ ಬಾಗಿಲಿಗೆ. ಬಾಗಿಲು ಮುಚ್ಚಿದ್ರೆ ಆರುತ್ತೆ, ತೆಗೆದ್ರೆ ಹತ್ತುತ್ತೆ, ಗಾಡಿಯ ಕಂಪ್ಯೂಟರಿಗೆ ಇದು ಗೊತ್ತೇ ಆಗಲ್ಲ.

ಇಗ್ನಿಷನ್ ಕರೆಂಟಿಗೆ ಕೊಡೋದು ಸೇಫ್ ಅಂತ ಯಾರೋ ಹೇಳ್ತಾರೆ. ಸೇಫೇ, ಆದ್ರೆ ರಾತ್ರಿ ಕೀ ಒತ್ತಿ ಬಾಗಿಲು ತೆಗೆದಾಗ ಹತ್ತಲ್ಲ, ನಿಮಗೆ ಬೇಕಾಗಿದ್ದೇ ಆ ಕ್ಷಣ ಅಲ್ವಾ.

ಬ್ಯಾಟರಿ ಲೆಕ್ಕ: ಸರಿಯಾಗಿ ಆರ್ತಿದ್ರೆ ಚಿಂತೆ ಇಲ್ಲ. ಸ್ವಿಚ್ ಎಡವಟ್ಟಾಗಿ ನಾಲ್ಕೂ ಪ್ಲೇಟ್ ಹತ್ಕೊಂಡೇ ಇದ್ರೆ 0.4 ಆಂಪ್, ದಿನಕ್ಕೆ 9.6 ಆಂಪ್ ಅವರ್. ನಿಮ್ದು 45 ಆಂಪ್ ಅವರ್ ಬ್ಯಾಟರಿ ಅಂತ ಇಟ್ಕೊಂಡ್ರೆ ಎರಡೂವರೆ ದಿನಕ್ಕೆ ಅರ್ಧ ಖಾಲಿ. ಏರ್‌ಪೋರ್ಟಲ್ಲಿ ನಿಲ್ಲಿಸಿ ನಾಲ್ಕು ದಿನ ಬಿಟ್ಟು ಬಂದ್ರೆ ಸ್ಟಾರ್ಟ್ ಆಗೋ ಗ್ಯಾರಂಟಿ ಇಲ್ಲ.

ಹುಬ್ಬಳ್ಳಿ ಹ್ಯಾಚ್:

ಮಂಜಣ್ಣಾರು ಹೇಳಿದ್ದು ಖರೇ ಅದ. ನಂದೊಂದು ಕಥಿ ಹೇಳ್ತೀನಿ ಕೇಳ್ರಿ, ನಂದು ಐ20 ಎನ್ ಲೈನ್ ಎನ್8, ಆರು ಏರ್‌ಬ್ಯಾಗಿಂದು. ಗಾಡಿ ತಗೊಂಡು ಮೂರ ತಿಂಗಳಿಗೆ ಒಂದ ಅಂಗಡ್ಯಾಗ ಇದನ್ನ ಹಾಕಿಸಾಕ ಹೋದೆ, ಊರು ಅಂಗಡಿ ಹೆಸರು ಎಲ್ಲಾ ಬಿಡ್ರಿ. ಆ ಹುಡುಗ ಕಾರ್ಪೆಟ್ ಎತ್ತಾಕ ಸೀಟ್ ಅಡ್ಡ ಬರ್ತೈತಿ ಅಂತ ಸೀಟಿನ ಬೋಲ್ಟ್ ಬಿಚ್ಚಿದ, ಕೆಳಗ ಒಂದ ಹಳದಿ ಕನೆಕ್ಟರ್ ಇತ್ತು, ಅದನ್ನೂ ಎಳದು ಬಿಟ್ಟ. ಆಮ್ಯಾಲ ಲೈಟ್ ಹತ್ತತೈತೋ ಇಲ್ಲೋ ನೋಡೂನು ಅಂತ ಇಗ್ನಿಷನ್ ಆನ್ ಮಾಡಿದ. ಅಷ್ಟಾತು ನೋಡ್ರಿ, ಮೀಟರಿನ್ಯಾಗ ಏರ್‌ಬ್ಯಾಗ್ ಲೈಟ್ ಬಂದು ಕೂತಿತು. ಕನೆಕ್ಟರ್ ವಾಪಸ್ ಹಾಕಿದ್ರೂ ಹೋಗಲಿಲ್ಲ, ಯಾಕಂದ್ರ ಫಾಲ್ಟ್ ಒಳಗ ನೆನಪಿಟ್ಟುಕೊಂಡಿರತೈತಿ, ಸ್ಕ್ಯಾನರ್ ಹಚ್ಚಿ ಅಳಿಸಬೇಕು. ಹುಡುಗ ಏನಂದ ಗೊತ್ತೇನ್ರಿ, "ಎರಡ ದಿನ ಓಡಿಸ್ರಿ ಸರ, ತಾನಾ ಹೋಗತೈತಿ". ಹೋಗಲಿಲ್ಲ. ಆ ಲೈಟ್ ಉರಿಯುವಾಗ ಬಡಿದ್ರ ಏರ್‌ಬ್ಯಾಗ್ ಬಿಚ್ಚತೈತಿ ಅನ್ನೂ ಭರವಸಾ ಇಲ್ಲ. ಸರ್ವಿಸಿಗೆ ಹೋದಾಗ ಅವ್ರು ಮೊದಲ ಕೇಳಿದ್ದು "ವೈರಿಂಗ್ ಯಾರು ಮುಟ್ಟ್ಯಾರ?" ಅಂತ. ವಾರಂಟಿ ಮಾತು ಬಂದಾಗ ಮಾರಿ ಸಣ್ಣದಾತು.

ಪೋಲೋದಾಗ ಮುಂದಿನ ಎರಡ ಏರ್‌ಬ್ಯಾಗ್ ಅಷ್ಟ, ವಾರಂಟಿನೂ ಮುಗದಿರತೈತಿ, ಆದ್ರೂ ಹಳದಿ ಬಣ್ಣದ ಕನೆಕ್ಟರ್, ಹಳದಿ ಪೈಪಿನ ವೈರ್ ಏನರ ಕಂಡ್ರ ಕೈ ಹಚ್ಚಬ್ಯಾಡ್ರಿ, ಬಲ್ಬ್ ಇರೂ ಟೆಸ್ಟ್ ಲ್ಯಾಂಪ್ ಅಂತೂ ಚುಚ್ಚಾಕ ಹೋಗಲೇಬ್ಯಾಡ್ರಿ. ಕೆಲಸಕ್ಕ ಮುಂಚೆ ಬ್ಯಾಟರಿ ಮೈನಸ್ ಬಿಚ್ಚಿ, ಒಂದ ಹತ್ತ ನಿಮಿಷ ಕಾಯ್ರಿ. ಚಾ ಕುಡಿಯಾಕ ಹೋಗೂದಿದ್ರ ಆ ಹೊತ್ತಿನ್ಯಾಗ ಹೋಗ್ರಿ, ಹುಡುಗ ಕೆಲಸ ಮಾಡೂವಾಗ ಅಲ್ಲ.

ಪ್ಲೇಟ್ ಏನಾತು ಅಂತೀರಿ? ಅದು ಚಲೋ ಐತಿ, ಇವತ್ತಿಗೂ ಕೆಂಪಗ ಹತ್ತತೈತಿ 😀

ರಾಜಾಜಿನಗರ_ಟಿಎಸ್‌ಐ:

ಮಂಜಣ್ಣ, ಹುಬ್ಬಳ್ಳಿ ಸಾರ್, ಇಬ್ರಿಗೂ ಥ್ಯಾಂಕ್ಸ್. ಓದಿದ ಮೇಲೆ ವೈರಿಂದು ಅಂದ್ರೆ ಕೈ ನಡುಗ್ತಿದೆ. ಹಂಗಾದ್ರೆ ವೈರ್‌ಲೆಸ್ಸೇ ತಗೊಂಡ್ಬಿಡ್ಲಾ? ಅದಕ್ಕೂ ಆಯಸ್ಕಾಂತಾನೇ ಕೊಡ್ತಾರಂತೆ, ಎರಡು ಎಎಎ ಸೆಲ್, ಅಂಟಿಸಿದ್ರೆ ಮುಗೀತು ಅಂತ ಬರೆದಿದಾರೆ.

ಕರಾವಳಿ ಬೂಸ್ಟರ್:

ಅಂಟಿಸಿದ್ರೆ ಮುಗೀತು ಅಂತ ಬರೆದವ ಮಂಗಳೂರಿಗೆ ಜುಲೈ ತಿಂಗಳಲ್ಲಿ ಬಂದವ ಅಲ್ಲ ಮಾರಾಯ್ರೆ. ನನ್ನದು ಬಲೆನೋ ಆರ್‌ಎಸ್, ವೈರ್‌ಲೆಸ್ ಪ್ಲೇಟ್ ಎರಡು ವರ್ಷ ಇಟ್ಟುಕೊಂಡಿದ್ದೆ. ಮೊದಲನೇ ಜೋಡಿ ಬರೀ ಹದಿನೈದು ದಿನಕ್ಕೆ ಕಿತ್ತು ಬಂತು. ಎಂತ ಆದದ್ದು ಅಂದ್ರೆ, ಕಾರಿನ ಸಿಲ್ ಟ್ರಿಮ್ ಇರುವುದು ಪಾಲಿಪ್ರೊಪಿಲೀನ್ ಪ್ಲಾಸ್ಟಿಕಲ್ಲಿ, ಅದೂ ತರಿತರಿ ಮೇಲ್ಮೈ. ಆ ಪ್ಲಾಸ್ಟಿಕಿಗೆ ಯಾವ ಗಮ್ಮೂ ಸರಿಯಾಗಿ ಹಿಡಿಯುವುದಿಲ್ಲ, ಕೆಸುವಿನ ಎಲೆ ಮೇಲೆ ನೀರು ನಿಂತ ಹಾಗೆ. ಅದಕ್ಕೆ ಪ್ರೈಮರ್ ಅಂತ ಒಂದು ಉಂಟು, 3ಎಂನ 94 ನಂಬರಿನದ್ದು, ತೆಳುವಾಗಿ ಹಚ್ಚಿ ಒಣಗಿಸಿ ಆಮೇಲೆ ವಿಎಚ್‌ಬಿ ಟೇಪ್ (ಎರಡೂ ಬದಿ ಗಟ್ಟಿ ಅಂಟುವ ಟೇಪ್) ಹಾಕಬೇಕು. ಅದಕ್ಕೂ ಮೊದಲು ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಬೇಕು, ಯಾಕೆಂದ್ರೆ ವಾಷಿಂಗಿನವರು ಡ್ಯಾಶ್‌ಬೋರ್ಡ್ ಪಾಲಿಶನ್ನು ಸಿಲ್ಲಿಗೂ ಬಳಿದಿರ್ತಾರೆ, ಎಣ್ಣೆ ಎಣ್ಣೆ. ಟೇಪ್ ಹಾಕಿದ ಮೇಲೆ ಒಂದು ದಿನ ಆದ್ರೂ ಮೆಟ್ಟಬಾರದು, ಪೂರ್ತಿ ಹಿಡಿಯಲಿಕ್ಕೆ 72 ಗಂಟೆ ಬೇಕು. ನಾನು ಅಂಟಿಸಿದ ಸಾಯಂಕಾಲವೇ ಚಪ್ಪಲಿ ಕಾಲಲ್ಲಿ ಮೆಟ್ಟಿ ಉಪ್ಪಿನಂಗಡಿಗೆ ಹೋದವ, ಬುದ್ಧಿ ಇಲ್ಲ.

ಸೆಲ್ಲಿನ ಲೆಕ್ಕ ಹೇಳ್ತೇನೆ. ಎಎಎ ಸೆಲ್ಲಲ್ಲಿ ಸುಮಾರು 1000 ಮಿಲಿಆಂಪ್ ಅವರ್ ಅಂತ ಇಟ್ಟುಕೊಳ್ಳಿ, ಪ್ಲೇಟ್ 40 ಮಿಲಿಆಂಪ್ ಎಳೆದ್ರೆ ಒಟ್ಟು 25 ಗಂಟೆ ಬೆಳಕು. ದಿನಕ್ಕೆ ಹತ್ತು ನಿಮಿಷ ಬಾಗಿಲು ತೆರೆದಿರ್ತದೆ ಅಂದ್ರೆ ಐದು ತಿಂಗಳು ಬರಬೇಕು. ಆದರೆ ಭಾನುವಾರ ಬಾಗಿಲು ಎಲ್ಲ ತೆರೆದಿಟ್ಟು ಒಂದು ಗಂಟೆ ಕಾರು ತೊಳೆದ್ರೆ ಆರು ದಿನದ ಸೆಲ್ ಅಲ್ಲೇ ಹೋಯ್ತು. ನನಗೆ ಎರಡು ತಿಂಗಳಿಗಿಂತ ಹೆಚ್ಚು ಬಂದದ್ದೇ ಇಲ್ಲ. ಸೆಲ್ ಬದಲಿಸಲಿಕ್ಕೆ ಮುಚ್ಚಳ ತೆಗೆದು ತೆಗೆದು ಅದರ ರಬ್ಬರ್ ಸಡಿಲ ಆಯ್ತು, ಎರಡನೇ ಮಳೆಗಾಲದಲ್ಲಿ ನೀರು ಹೊಕ್ಕು ಒಳಗೆ ಹಸಿರು ಪಾಚಿ ಹಿಡಿದ ಹಾಗೆ ಆಗಿ ಹೋಯ್ತು.

ಇನ್ನೊಂದು, ಇದು ಯಾರೂ ಹೇಳುವುದಿಲ್ಲ. ಫ್ರಿಜ್ಜಿನ ಲೈಟ್ ಹಾಗೆ, ಬಾಗಿಲು ಮುಚ್ಚಿದ ಮೇಲೆ ಆರಿದೆಯಾ ಇಲ್ವಾ ಅಂತ ಗೊತ್ತಾಗುವುದು ಹೇಗೆ? ಆಯಸ್ಕಾಂತ ಒಂದು ಸೆಂಟಿಮೀಟರ್ ಅತ್ತ ಇತ್ತ ಆದ್ರೆ ಪ್ಲೇಟ್ ಬಾಗಿಲ ಹಿಂದೆ ರಾತ್ರಿ ಇಡೀ ಉರೀತಾ ಇರ್ತದೆ. ಅದಕ್ಕೆ ನನ್ನ ಉಪಾಯ: ಮನೆಯಿಂದ ಒಂದು ನಿಂಬೆಗಾತ್ರ ಚಪಾತಿ ಹಿಟ್ಟು ತನ್ನಿ. ಹಿಟ್ಟಿಗೆ ಪ್ಲಾಸ್ಟಿಕ್ ಸುತ್ತಿ ಪ್ಲೇಟ್ ಕೂರುವ ಜಾಗದಲ್ಲಿ ಇಟ್ಟು ಬಾಗಿಲು ಹಾಕಿ, ತೆಗೆಯಿರಿ. ಹಿಟ್ಟು ಎಷ್ಟು ದಪ್ಪ ಉಳಿದಿದೆಯೋ ಅದೇ ಬಾಗಿಲಿಗೂ ಸಿಲ್ಲಿಗೂ ಇರುವ ಗ್ಯಾಪ್. ಪ್ಲೇಟಿನಷ್ಟೇ ದಪ್ಪಕ್ಕೆ ಅಪ್ಪಚ್ಚಿ ಆದ್ರೆ ಪ್ಲೇಟ್ ಬಾಗಿಲಿಗೆ ತಾಗ್ತದೆ, ಆ ಜಾಗ ಬೇಡ. ತುಂಬ ದಪ್ಪ ಉಳಿದ್ರೆ ಆಯಸ್ಕಾಂತಕ್ಕೆ ಕೆಳಗೆ ಒಂದು ತುಂಡು ಪ್ಯಾಡ್ ಕೊಟ್ಟು ಹತ್ರ ತರಬೇಕು. ಆಮೇಲೆ ರಾತ್ರಿ ಲೈಟ್ ಎಲ್ಲ ಆರಿಸಿ ನೆಲಕ್ಕೆ ಮಲಗಿ ಬಾಗಿಲ ಅಡಿಯ ಸಂದಿಯಿಂದ ನೋಡಿ, ಹತ್ತಿದ್ರೆ ಬೆಳಕು ಸೋರ್ತದೆ. ನಾನು ಹಾಗೆ ಮಲಗಿದ್ದಾಗ ನೆರೆಮನೆಯವರು ಎಂತದೋ ಆಯ್ತು ಅಂತ ಓಡಿ ಬಂದಿದ್ರು.

ಬಾಗಿಲಿನ ಬೀಡಿಂಗ್ ರಬ್ಬರಿನ ಮೇಲೆ ಪ್ಲೇಟ್ ಹತ್ತಬಾರದು, ಅದೂ ನೋಡಿಕೊಳ್ಳಿ. ಹತ್ತಿದ್ರೆ ಮಳೆನೀರು ಸೀದಾ ಕಾರ್ಪೆಟಿಗೆ.

ಕೊವೆಂಟ್ರಿ ಕನ್ನಡಿಗ:

ಇಲ್ಲಿ ಇಂಗ್ಲೆಂಡಲ್ಲಿ ನಂದು ಹಳೇ ಫಿಯೆಸ್ಟಾ ಎಸ್‌ಟಿ, 1.6 ಟರ್ಬೊ 182 ಪಿಎಸ್, ಮೂರು ಬಾಗಿಲಿಂದು. ಇದಕ್ಕೆ ಹೊಸದ್ರಲ್ಲಿ ಸ್ಟೈಲ್ ಪ್ಯಾಕ್ ಅಂತ ಒಂದು ಆಪ್ಷನ್ ಇತ್ತು, ಕಡು ಬೂದು ಬಣ್ಣದ 17 ಇಂಚಿನ ಅಲಾಯ್, ಕೆಂಪು ಬ್ರೇಕ್ ಕ್ಯಾಲಿಪರ್, ಜೊತೆಗೆ ಈ ಲೈಟ್ ಬರೋ ಸ್ಕಫ್ ಪ್ಲೇಟು. ಮೊದಲನೇ ಓನರ್ ಹಾಕ್ಸಿದ್ದ, ನನಗೆ ಪುಕ್ಕಟೆ ಬಂತು. ಚಳಿಗಾಲದಲ್ಲಿ ಸಂಜೆ ನಾಲ್ಕಕ್ಕೇ ಕತ್ತಲಾಗುತ್ತೆ ಇಲ್ಲಿ, ಹಾಗಾಗಿ ದಿನಾ ನೋಡೋ ಭಾಗ್ಯ ಇದೆ. ಒಂದೇ ಮಾತು: ಕಂಪನಿದು ಕಣ್ಣಿಗೆ ಹೊಡೆಯೋ ಹಾಗೆ ಹತ್ತಲ್ಲ, ಮಂದವಾಗಿ ಇರುತ್ತೆ. ಹೊರಗಡೆ ಸಿಗೋ ಕೆಲವು ಪ್ಲೇಟುಗಳು ಸೆಲೂನ್ ಬೋರ್ಡ್ ಥರ ಓಡಾಡ್ತಾ ಮಿನುಗ್ತಾವೆ, ಅಂಥದ್ದು ತಗೊಂಡ್ರೆ ನಿಮ್ಮ ಹೆಂಡತಿ ಹೇಳಿದ್ದು ನಿಜ ಆಗುತ್ತೆ. ಆಮೇಲೆ ಒದ್ದೆ ಶೂನಲ್ಲಿ ಸ್ಟೀಲ್ ಮೇಲೆ ಕಾಲಿಟ್ರೆ ಜಾರುತ್ತೆ, ವಯಸ್ಸಾದವ್ರು ಹತ್ತೋ ಗಾಡಿ ಆದ್ರೆ ಹಿಂದಿನ ಬಾಗಿಲಿಗೆ ಬೇಡವೇ ಬೇಡ.

ಮಲ್ಟಿಮೀಟರ್ ಮಂಜ:

ಹೌದು, ಹಿಂದಿನ ಬಾಗಿಲು ಬಿಡಿ. ಅಲ್ಲಿಗೆ ವೈರ್ ಹೋಗ್ಬೇಕು ಅಂದ್ರೆ ಬಿ ಪಿಲ್ಲರ್ (ಮುಂದಿನ, ಹಿಂದಿನ ಬಾಗಿಲ ಮಧ್ಯದ ಕಂಬ) ಬುಡ ದಾಟಬೇಕು, ಸೀಟ್ ಬೆಲ್ಟಿನ ಸಾಮಾನೆಲ್ಲ ಅಲ್ಲೇ ಇರೋದು. ಮುಂದಿನ ಎರಡಕ್ಕೆ ಸಿಲ್ ಟ್ರಿಮ್ಮಿನ ಮುಂದಿನ ತುದಿ ಸ್ವಲ್ಪ ಎತ್ತಿದ್ರೆ ಸಾಕು, ಸೀಟ್ ಬಿಚ್ಚೋ ಮಾತೇ ಇಲ್ಲ. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಪ್ಲಾಸ್ಟಿಕ್ ಪ್ರೈ ಟೂಲ್ ತಗೊಳಿ, ಬೆಳಗಿನ ಚಳೀಲಿ ಬೇಡ, ಬಿಸಿಲಿಗೆ ನಿಲ್ಲಿಸಿದ ಮೇಲೆ ಮಾಡಿ, ಕ್ಲಿಪ್ ಮುರಿಯಲ್ಲ. ವೈರಿಗೆ ಬಟ್ಟೆ ಟೇಪ್ ಸುತ್ತಿ, ಕ್ಲಿಪ್ ಕೂರೋ ಜಾಗ ಬಿಟ್ಟು ಹಾಯಿಸಿ, ಇಲ್ಲ ಅಂದ್ರೆ ಟ್ರಿಮ್ ಗುದ್ದಿ ಕೂರಿಸುವಾಗ ಕ್ಲಿಪ್ಪೇ ವೈರನ್ನ ಕಚ್ಚುತ್ತೆ. ಕರಾವಳಿಯವ್ರ ಹಿಟ್ಟಿನ ಐಡಿಯಾ ಸೂಪರ್, ನಾನು ಇಷ್ಟು ವರ್ಷ ಅಂದಾಜಲ್ಲೇ ಮಾಡ್ತಿದ್ದೆ.

ರಾಜಾಜಿನಗರ_ಟಿಎಸ್‌ಐ:

ಅಪ್‌ಡೇಟ್, ಐದು ವಾರ ಆದ್ಮೇಲೆ. ಹಾಕ್ದೆ! ಮುಂದಿನ ಎರಡಕ್ಕೆ ಮಾತ್ರ, ಅಕ್ಷರ ಇಲ್ಲದ ಬಿಳಿ ಗೆರೆದು, ವೈರಿಂದು, ಮಂಜಣ್ಣ ಹೇಳಿದ ಹಾಗೆ ಫ್ಯೂಸ್ ಟ್ಯಾಪು ಮತ್ತೆ ರೀಡ್ ಸ್ವಿಚ್. ಪ್ಲೇಟು ಜೋಡಿ 1,900, ಟ್ಯಾಪು ಸ್ವಿಚ್ಚು ವೈರು ಟೇಪು ಎಲ್ಲಾ ಸೇರಿ ಇನ್ನೊಂದು 600. ಪ್ರೈಮರ್ ಸಣ್ಣ ಪೌಚಲ್ಲಿ ಸಿಕ್ತು. ಒಂದು ಗಂಟೆ ಕೆಲಸಕ್ಕೆ ನಂಗೆ ಎರಡು ಭಾನುವಾರ ಹಿಡೀತು, ಒಂದು ಕ್ಲಿಪ್ ಮುರೀತು (ಬೆಳಗ್ಗೆ ಏಳಕ್ಕೇ ಶುರು ಮಾಡಿದ್ದೆ, ಹೇಳಿದ್ರೂ ಕೇಳ್ಲಿಲ್ಲ). ಎಡಗಡೆ ಆಯಸ್ಕಾಂತ ಮೊದ್ಲು ತಪ್ಪಾಗಿ ಅಂಟಿಸಿ ಬಾಗಿಲು ಮುಚ್ಚಿದ್ರೂ ಹತ್ಕೊಂಡೇ ಇತ್ತು, ಬೇಸ್‌ಮೆಂಟಲ್ಲಿ ಮಲಗಿ ನೋಡಿದ್ದಕ್ಕೇ ಗೊತ್ತಾಗಿದ್ದು. ಸೆಕ್ಯುರಿಟಿಯವ್ರು ಟಾರ್ಚ್ ಹಿಡ್ಕೊಂಡು ಬಂದು "ಆಯಿಲ್ ಲೀಕಾ ಸಾರ್?" ಅಂದ್ರು, ಹೂಂ ಅಂದೆ.

ಚಪಾತಿ ಹಿಟ್ಟು ಕೇಳೋಕೆ ಹೋದಾಗ ಅಡುಗೆಮನೇಲಿ ಆದ ಮಾತುಕತೆ ಇಲ್ಲಿ ಬರೆಯೋ ಹಾಗಿಲ್ಲ.

ಒಂದು ಮಾತ್ರ ನಾನು ಎಣಿಸಿರ್ಲಿಲ್ಲ. ಮೊದಲನೇ ಸಲ ಅಮ್ಮ ಮುಂದಿನ ಸೀಟಿಗೆ ಹತ್ತೋಕೆ ಬಂದ್ರು, ಬಾಗಿಲು ತೆಗೆದೆ, ಗೆರೆ ಹತ್ಕೊಳ್ತು. "ಹೊಸ್ತಿಲು ಅಲ್ವೇನೋ ಇದು" ಅಂದವ್ರೇ ಸೀರೆ ಎತ್ಕೊಂಡು ದಾಟಿ ಒಳಗೆ ಕೂತ್ರು. ಅವತ್ತಿಂದ ಒಂದು ಸಲಾನೂ ಅದರ ಮೇಲೆ ಕಾಲಿಟ್ಟಿಲ್ಲ, ಮೊಮ್ಮಗಳಿಗೂ ಮೆಟ್ಟಬೇಡ ಅಂತ ಹೇಳ್ಕೊಟ್ಟಿದಾರೆ. ಸ್ಕಫ್ ಪ್ಲೇಟಿಗೆ ಸ್ಕಫ್ (ಗೀರು) ಆಗೋ ಚಾನ್ಸೇ ಇಲ್ಲ. ಆಯುಧ ಪೂಜೆ ದಿನ ಅರಿಶಿನ ಕುಂಕುಮ ಇಡ್ತೀನಿ ಅಂತ ಈಗ್ಲೇ ಹೇಳಿದಾರೆ. ಮಂಜಣ್ಣ, ಅರಿಶಿನ ನೀರಲ್ಲಿ ಕಲಸಿ ಇಡ್ತಾರೆ, ರೀಡ್ ಸ್ವಿಚ್ಚಿಗೆ ಏನೂ ಆಗಲ್ಲ ತಾನೆ?

ಮಲ್ಟಿಮೀಟರ್ ಮಂಜ:

ರೀಡ್ ಸ್ವಿಚ್ ಗಾಜಿನ ಕೊಳವೆ ಒಳಗೆ ಸೀಲ್ ಆಗಿರುತ್ತೆ, ಅದಕ್ಕೇನಾಗಲ್ಲ. ಬೆಸುಗೆ ಹಾಕಿದ ಎರಡೂ ಕಾಲಿಗೆ ಹೀಟ್ ಶ್ರಿಂಕ್ (ಬಿಸಿ ಮಾಡಿದ್ರೆ ಬಿಗಿಯಾಗೋ ಪ್ಲಾಸ್ಟಿಕ್ ಕೊಳವೆ) ಹಾಕಿದೀರಾ? ಹಾಕಿಲ್ಲ ಅಂದ್ರೆ ಹಬ್ಬಕ್ಕೆ ಮುಂಚೆ ಹಾಕಿ. ಅಮ್ಮಂಗೆ ಕುಂಬಳಕಾಯಿ ಬಾಗಿಲಿಂದ ದೂರ ಒಡೆಯೋಕೆ ಹೇಳಿ.

ಡಿಎಸ್‌ಜಿ ದಾಸಪ್ಪ:

ಫೋಟೋ ಎಲ್ಲಿ ಗುರು?